ಮೂರು ಸೀನಿನ ಗುಲಾಬಿ

ನಮ್ಮ ಮನೆಯಿಂದ ಒಂದು ಹೂವು ಹೊರಗೆ ಹೋಗಬೇಕಾದರೆ ನಾನು ಸೀನಬೇಕಿತ್ತು. ಹೂವು ಅಂದರೆ ಗಿಡದ್ದಲ್ಲ, ಕಬ್ಬಿಣದ್ದು. ನಮ್ಮನೆಯವರು ಕಮ್ಮಾರರು. ಮೂವತ್ತು ವರ್ಷದಿಂದ ಅವರು ಗುಲಾಬಿ ಬಡಿಯುತ್ತಿದ್ದಾರೆ, ಮೂವತ್ತು ವರ್ಷ ನಾನು ಸೀನಿದ್ದೇನೆ. ನಗುವವರು ಈಗಲೇ ನಕ್ಕು ಮುಗಿಸಿಕೊಳ್ಳಲಿ, ನಾನು ಕಾಯುತ್ತೇನೆ.

ಹುಟ್ಟಿದಾಗಿನಿಂದ ನನಗೆ ಹೂವು ಆಗುತ್ತಿರಲಿಲ್ಲ. ಬೀದಿಯ ಆ ತುದಿಯಲ್ಲಿ ಹೂವಿನ ಬುಟ್ಟಿ ಇಳಿಸಿದರೆ ಈ ತುದಿಯಲ್ಲಿ ನನ್ನ ಮೂಗು ತುರಿಸುತ್ತಿತ್ತು. ಮದುವೆಯಾದ ಹೊಸತರಲ್ಲಿ ನಮ್ಮನೆಯವರು ಬಾಗಿಲ ಕೀಲು, ಗುದ್ದಲಿ, ಕಿಟಕಿ ಸರಳು ಇಷ್ಟೇ ಮಾಡುತ್ತಿದ್ದರು. ಕಟ್ಟಿಕೊಂಡ ಹೆಂಡತಿಗೆ ಒಂದು ಹೂವು ಕೊಡುವ ಹಾಗಿಲ್ಲವಲ್ಲ ಅಂತ ಅವರಿಗೆ ಕೊರಗು. ಒಂದು ದಿನ ತೆಳು ತಗಡಿನಲ್ಲಿ ಎಸಳು ಕತ್ತರಿಸಿ, ಸರಳಿನ ತುದಿಗೆ ಒಂದರ ಮೇಲೊಂದು ಪೋಣಿಸಿ, ಕೆಂಪಗೆ ಕಾಯಿಸಿ, ಒಂದೊಂದೇ ಸುತ್ತನ್ನು ಸುತ್ತಿಗೆಯಿಂದ ಮೇಲಕ್ಕೆಬ್ಬಿಸಿದರು. ಸಣ್ಣ ಮೂತಿಯ ಇಕ್ಕಳದಲ್ಲಿ ಅಂಚು ಸುರುಳಿ ಮಾಡಿ, ಬಿಸಿಯಿರುವಾಗಲೇ ಜೇನುಮೇಣ ಉಜ್ಜಿ, ತಣ್ಣಗಾದ ಮೇಲೆ ಅಡುಗೆಮನೆಗೆ ತಂದರು.

"ತಗೋ. ಇದು ನಿನಗೇನೂ ಮಾಡಲ್ಲ" ಅಂದರು.

ಮೂಗಿನ ಹತ್ತಿರ ಬಂದಿದ್ದೇ ತಡ, ಮೂರು ಸೀನು. ಕೈಲಿದ್ದ ಹಾಲಿನ ಪಾತ್ರೆ ನೆಲಕ್ಕೆ ಬಿತ್ತು. ಬೇರೆ ಗಂಡಸಾಗಿದ್ದರೆ ಮುಖ ಸಣ್ಣ ಮಾಡಿಕೊಳ್ಳುತ್ತಿದ್ದ. ಇವರು ಚೆಲ್ಲಿದ ಹಾಲಿನ ಮೇಲೇ ಕುಣಿದಾಡಿಬಿಟ್ಟರು. "ಕಬ್ಬಿಣ ಅಂತ ನಿನ್ನ ಮೂಗಿಗೆ ಗೊತ್ತಾಗಲಿಲ್ಲ ಕಣೇ! ಮೂಗೇ ಮೋಸ ಹೋಯ್ತು!"

ಅವತ್ತಿನಿಂದ ಗುದ್ದಲಿ ಮೂಲೆ ಸೇರಿತು. ಅವರು ಹೂವು ಮಾಡುವುದು, ತಂದು ನನ್ನ ಮುಖದ ಮುಂದೆ ಹಿಡಿಯುವುದು, ನಾನು ಸೀನಿದರೆ ಮಾರುವುದು, ಸೀನದಿದ್ದರೆ ಮತ್ತೆ ಬೆಂಕಿಗೆ ಹಾಕುವುದು. ಒಂದು ಸೀನಿನದು ಬೇಲಿಗೆ, ಎರಡು ಸೀನಿನದು ಕಿಟಕಿಗೆ, ಮೂರು ಸೀನಿನದು ದೊಡ್ಡ ಮನೆಗಳ ಗೇಟಿಗೆ. ಗಿರಾಕಿಗಳು ಜಗಲಿಯಲ್ಲಿ ಕೂತು ಕಿವಿ ನಿಮಿರಿಸಿಕೊಂಡು ಎಣಿಸುತ್ತಿದ್ದರು. "ಎರಡೂವರೆ ಬಂತು, ಮೂರನೇದು ಅರ್ಧಕ್ಕೇ ನಿಂತುಹೋಯ್ತು" ಅಂತ ಜಗಳ ತೆಗೆದವರಿದ್ದಾರೆ. ನನಗೆ ನೆಗಡಿಯಾದರೆ ಕುಲುಮೆಗೆ ರಜೆ. ನೆಗಡಿಯ ಸೀನು ಲೆಕ್ಕಕ್ಕೆ ಬರುವುದಿಲ್ಲವಂತೆ, ಅದು ಅನ್ಯಾಯದ ಸೀನಂತೆ. ಔಷಧಿ ಅಂಗಡಿಯವನಿಗೆ ಇವರು ಮೊದಲೇ ಹೇಳಿಟ್ಟಿದ್ದರಿಂದ ಅವನು ನನಗೆ ಅಲರ್ಜಿ ಮಾತ್ರೆ ಕೊಡುತ್ತಲೇ ಇರಲಿಲ್ಲ.

ಡಾಕ್ಟರು ಒಮ್ಮೆ, ಆ ಜೇನುಮೇಣದಲ್ಲಿ ಹೂವಿನ ಪುಡಿ ಇದ್ದರೂ ಇರಬಹುದು ಅಂದರು. ಇವರಿಗೆ ಸಿಟ್ಟು ಬಂದು ಮೇಣದ ಬತ್ತಿ ಕರಗಿಸಿ ಉಜ್ಜಿ ತಂದರು. ಆಗಲೂ ಮೂರು ಸೀನಿದೆ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡು, ತಮ್ಮ ಮನೆ ಗೇಟಿಗೂ ಎರಡು ಬೇಕು ಅಂದರು. ಅತ್ತೆ ಬದುಕಿದ್ದಾಗ ಮಾತ್ರ, "ನನ್ನ ಮಗ ಬೆವರು ಸುರಿಸ್ತಾನೆ, ಇವಳು ಮೂಗು ಸುರಿಸಿ ಹೆಸರು ತಗೋತಾಳೆ" ಅಂತ ಗೊಣಗುತ್ತಿದ್ದರು. ಅದರಲ್ಲಿ ಸುಳ್ಳೇನಿಲ್ಲ. ಬೀದಿಯಲ್ಲಿ ನನಗೆ ಅವರಿಗಿಂತ ಹೆಚ್ಚು ಮರ್ಯಾದೆ ಇತ್ತು, ನಾನೂ ಮೂಗಿಗಿಂತ ಮೂಗುತಿ ಭಾರ ಅನ್ನುವ ಹಾಗೆ ಮೆರೆದೆ.

ಹೀಗಿರುವಾಗ ಹೊಸ ಹೋಟೆಲಿನ ಮೆಟ್ಟಿಲ ಕಂಬಿಗೆ ನಲವತ್ತು ಗುಲಾಬಿ ಬೇಕು ಅಂತ ಅದರ ಮ್ಯಾನೇಜರ್ ಬಂದ. ಎಲ್ಲವೂ ಮೂರು ಸೀನಿನವೇ ಆಗಬೇಕು. ಇಷ್ಟು ದೊಡ್ಡ ಕೆಲಸ ನಮ್ಮನೆಯವರಿಗೆ ಯಾವತ್ತೂ ಬಂದಿರಲಿಲ್ಲ. ಮೊದಲ ಹೂವು ಮಾಡಿ ತಂದು ಹಿಡಿದರು. ಮೂಗು ಸುಮ್ಮನಿತ್ತು. ಇನ್ನೂ ಹತ್ತಿರ ತಂದರು. ಎಸಳು ಮೂಗಿನ ತುದಿಗೆ ತಾಗಿ ತಣ್ಣಗಾಯಿತೇ ಹೊರತು ಮತ್ತೇನೂ ಆಗಲಿಲ್ಲ.

ಅವರು ನನ್ನನ್ನು ನೋಡಲಿಲ್ಲ, ಹೂವನ್ನು ನೋಡಿದರು. "ಎಸಳು ದಪ್ಪ ಆಯ್ತು" ಅಂತ ಹೇಳಿ ವಾಪಸು ಹೋದರು.

ಎರಡನೆಯದಕ್ಕೂ ಇಲ್ಲ, ಮೂರನೆಯದಕ್ಕೂ ಇಲ್ಲ. ವಾರದಲ್ಲಿ ಹನ್ನೊಂದು ಹೂವು ಬೆಂಕಿಗೆ ಹೋದವು. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಅಂತಾರೆ. ಇಲ್ಲಿ ಕುಂಬಾರನೂ ಅವರೇ, ದೊಣ್ಣೆಯೂ ಅವರೇ. ಊಟಕ್ಕೆ ಕೂತರೆ ತಟ್ಟೆ ನೋಡುತ್ತಿರಲಿಲ್ಲ, ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. "ಕೈ ಹೋಯ್ತು ಕಣೇ" ಅನ್ನುತ್ತಿದ್ದರು, ಮನೆಯಲ್ಲಿ ಯಾರೋ ತೀರಿಕೊಂಡ ಹಾಗೆ.

ಆದರೆ ನಿಜ ನನಗೆ ಗೊತ್ತಾಗಿತ್ತು. ಎರಡು ದಿನದ ಹಿಂದೆ ಹೂವಿನ ಅಂಗಡಿ ದಾಟಿದಾಗ ಕರ್ಚೀಫು ಮರೆತಿದ್ದೆ, ಆದರೂ ಏನೂ ಆಗಿರಲಿಲ್ಲ. ಐವತ್ತೆಂಟು ವರ್ಷ ಮೂಗಿನಲ್ಲಿ ಠಿಕಾಣಿ ಹೂಡಿದ್ದ ಅಲರ್ಜಿ, ಒಂದು ಮಾತೂ ಹೇಳದೆ ಮನೆ ಖಾಲಿ ಮಾಡಿತ್ತು.

"ಕೆಟ್ಟಿರೋದು ನಿಮ್ಮ ಕೈ ಅಲ್ಲ ರೀ, ನನ್ನ ಮೂಗು" ಅಂದೆ.

"ಸಮಾಧಾನ ಮಾಡ್ಬೇಡ."

"ಸಮಾಧಾನ ಅಲ್ಲ, ಬನ್ನಿ ತೋರಿಸ್ತೀನಿ."

ಕೈ ಹಿಡಿದು ಹೂವಿನ ಅಂಗಡಿಗೆ ಎಳೆದುಕೊಂಡು ಹೋದೆ. ಅಂಗಡಿಯವನು ನನ್ನನ್ನು ಕಂಡು ಹೆದರಿ ಬಕೆಟ್ಟು ಹಿಂದಕ್ಕೆ ಸರಿಸಿದ. ನಾನು ಬಿಡಲಿಲ್ಲ, ಗುಲಾಬಿ ತುಂಬಿದ ಬಕೆಟ್ಟಿಗೆ ಕತ್ತಿನವರೆಗೂ ಮುಖ ಹಾಕಿದೆ. ನೂರು ಎಣಿಸಿ ಎದ್ದೆ. ಕೆನ್ನೆಗೆ ಮುಳ್ಳು ಗೀರಿತ್ತು, ಸೀನು ಮಾತ್ರ ಇರಲಿಲ್ಲ.

"ನೋಡಿದ್ರಾ? ನಿಜವಾದ ಹೂವಿಗೇ ಬರ್ತಿಲ್ಲ!"

ನಮ್ಮನೆಯವರು ಬಕೆಟ್ಟಿನಿಂದ ಒಂದು ಗುಲಾಬಿ ಎತ್ತಿಕೊಂಡರು. ಬೆಳಕಿಗೆ ಹಿಡಿದು, ತಿರುಗಿಸಿ, ಉಗುರಿನಿಂದ ಅಂಚು ಮುಟ್ಟಿ ನೋಡಿದರು. ಮುಖ ಗಂಟಾಯಿತು.

"ಇವೂ ಸರಿಯಿಲ್ಲ" ಅಂದರು. "ಅಂಚು ನೋಡು, ಆತುರದ ಕೆಲಸ. ಒಳಗಿನ ಸುತ್ತು ಬಿಗಿಯೇ ಇಲ್ಲ. ಹೇಗೆ ಬರುತ್ತೆ ಸೀನು?" ಆಮೇಲೆ ಅಂಗಡಿಯವನ ಕಡೆ ತಿರುಗಿ, "ಯಾರಪ್ಪಾ ಇದನ್ನ ಮಾಡಿದ್ದು?" ಅಂತ ಕೇಳಿದರು.

ಅಂಗಡಿಯವನು ಬೆಪ್ಪಾಗಿ ಆಕಾಶ ನೋಡಿದ. ನಾನು ತಲೆ ಚಚ್ಚಿಕೊಂಡೆ.

ಮಾರನೆಯ ದಿನ ಮೋಸಕ್ಕೆ ಇಳಿದೆ. ಮೆಣಸಿನ ಪುಡಿಯನ್ನು ಅಂಗೈಯಲ್ಲಿಟ್ಟುಕೊಂಡು, ಅವರು ಹೂವು ಹಿಡಿದಾಗ ಗುಟ್ಟಾಗಿ ಎಳೆದುಕೊಂಡೆ. ಮೂರಲ್ಲ, ಒಂಬತ್ತು ಬಂದವು. ಜಗಲಿಯಲ್ಲಿ ಕಾಯುತ್ತಿದ್ದ ಮ್ಯಾನೇಜರ್ ಚಪ್ಪಾಳೆ ತಟ್ಟಿದ. ಇವರು ಮಾತ್ರ ನನ್ನ ಮುಖವನ್ನೇ ನೋಡುತ್ತಾ ನಿಂತರು. "ಇದು ಮೆಣಸಿನ ಸೀನು. ನಿನ್ನ ಹೂವಿನ ಸೀನು ನನಗೆ ಗೊತ್ತಿಲ್ವಾ?" ಅಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು.

ಮ್ಯಾನೇಜರ್‌ಗೆ ಕೈ ಮುಗಿದು, "ಬೇರೆ ಯಾರನ್ನಾದ್ರೂ ನೋಡ್ಕೊಳಿ" ಅಂದರು. ಆತ ಎಷ್ಟು ಹೇಳಿದರೂ ಕೇಳಲಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವವರ ಸುದ್ದಿ ಕೇಳಿದ್ದೆ, ಸೀನು ಬರಲಿಲ್ಲವೆಂದು ಕೈ ಕೊಯ್ದುಕೊಳ್ಳುವವರನ್ನು ಅವತ್ತೇ ಕಂಡದ್ದು. ಇವರು ಕುಲುಮೆಗೆ ಹೋಗಿ ಗಾಳಿ ಊದುವ ತಿದಿಯ ಹಿಡಿ ಬಿಚ್ಚಿಟ್ಟರು. ಇಕ್ಕಳಗಳನ್ನು ಗೋಣಿಚೀಲಕ್ಕೆ ತುಂಬತೊಡಗಿದರು. ಕೆಂಡದ ಮೇಲೆ ಬೂದಿ ಕೂರುತ್ತಿತ್ತು. ಈ ಬೆಂಕಿ ಆರಿದರೆ ಈ ಮನುಷ್ಯನೂ ಆರುತ್ತಾನೆ, ಆಮೇಲೆ ನನಗೆ ಯಾರು?

ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಆ ಮೆಣಸಿನ ಹೂವು ಬಿದ್ದಿತ್ತು. ಏನಾದರೂ ಹೇಳಬೇಕಲ್ಲ ಅಂತ ಎತ್ತಿಕೊಂಡೆ. ಎತ್ತಿಕೊಂಡು ನೋಡಿದೆ.

ದೇವರಾಣೆಗೂ ಅದೇ ಮೊದಲು. ಮೂವತ್ತು ವರ್ಷ ಅವರು ಹೂವು ತಂದರೆ ನನ್ನ ಕಣ್ಣು ಮುಚ್ಚುತ್ತಿತ್ತು, ಕಣ್ಣು ತೆರೆದು ಸೀನುವವರು ಯಾರಿದ್ದಾರೆ? ನೀರು ಒರೆಸಿ ಮೂಗು ಸೀಟುವಷ್ಟರಲ್ಲಿ ಅವರು ಖುಷಿಯಲ್ಲಿ ಹೂವು ಹಿಡಿದು ಗಿರಾಕಿಯ ಹತ್ತಿರ ಓಡಿರುತ್ತಿದ್ದರು. ಈಚಿನ ಹನ್ನೊಂದಕ್ಕೂ ಸೀನು ಬರಲಿ ಅಂತ ಕಣ್ಣು ಬಿಗಿದುಕೊಂಡೇ ಕಾದಿದ್ದೆ. ಊರ ಗೇಟುಗಳ ಮುಂದೆ ನಾನು ಮುಖಕ್ಕೆ ಕರ್ಚೀಫು ಒತ್ತಿಕೊಂಡು ನೆಲ ನೋಡುತ್ತಾ ನಡೆದವಳು. ಈಗ ಬಾಗಿಲ ಬೆಳಕಿನಲ್ಲಿ ಹಿಡಿದರೆ, ಎಸಳಿನ ಬುಡದಲ್ಲಿ ಸುತ್ತಿಗೆಯ ಸಣ್ಣ ಸಣ್ಣ ಏಟು, ಬೆರಳಿನಿಂದ ಒತ್ತಿದಂತೆ. ಅಂಚಿನಲ್ಲಿ ಬೆಂಕಿ ಬಿಟ್ಟುಹೋದ ನೇರಳೆ ಬಣ್ಣ. ನಡುವಿನ ಮೊಗ್ಗು ಬಿಚ್ಚಲೋ ಬೇಡವೋ ಅನ್ನುವ ಹಾಗಿತ್ತು. ಇಷ್ಟು ಚೆಂದವಿತ್ತೇ? ನನ್ನ ಗಂಡ ಇದನ್ನು ಮಾಡುತ್ತಿದ್ದನೇ? ಅಳು ಒತ್ತರಿಸಿಕೊಂಡು ಬಂತು, ಅತ್ತುಬಿಟ್ಟೆ.

ಗೋಣಿಚೀಲ ಧೊಪ್ಪೆಂದು ಬಿತ್ತು. ಇವರು ಓಡಿ ಬಂದು ನನ್ನ ಗಲ್ಲ ಹಿಡಿದೆತ್ತಿ, ಕೆನ್ನೆಯ ನೀರನ್ನು ಬೆರಳಿಗೆ ತೆಗೆದು ನೋಡಿದರು.

"ಕಣ್ಣಲ್ಲಿ ಬಂತಾ?" ಮುಖ ಅರಳಿತ್ತು. "ಮೆಣಸಲ್ಲ ತಾನೇ? ಎಷ್ಟು ಹನಿ ಬಂತು? ತಡಿ, ಎಣಿಸೋಣ! ಇನ್ನು ಮೇಲೆ ಮೂಗು ಬೇಡ ಕಣೇ, ನೀನು ಅತ್ತರೆ ಸಾಕು!"

ನಲವತ್ತು ಹೂವಿಗೆ ನಲವತ್ತು ಸಲ ಅಳುವುದು ಕಣ್ಣ ಮುಂದೆ ಬಂತು. ಎದ್ದ ಅಳು ಅಲ್ಲೇ ನಿಂತಿತು.

"ಅಳಲ್ಲ. ಇನ್ನು ಸೀನೋದೂ ಇಲ್ಲ, ಅಳೋದೂ ಇಲ್ಲ. ಕಣ್ಣು ಬಿಟ್ಟು ನೋಡ್ತೀನಿ, ಹೇಗಿದೆ ಅಂತ ಬಾಯಿಬಿಟ್ಟು ಹೇಳ್ತೀನಿ" ಅಂದೆ.

"ಹೇಳು ಮತ್ತೆ. ಹೇಗಿದೆ?"

ಹೂವನ್ನು ಇನ್ನೊಮ್ಮೆ ಮೇಲಿನಿಂದ ಕೆಳಗೆ ನೋಡಿದೆ.

"ಹೂವು ತುಂಬಾ ಚೆನ್ನಾಗಿದೆ ರೀ. ತೊಟ್ಟು ಸೊಟ್ಟ."

"ಸೊಟ್ಟಾನಾ? ಮೂವತ್ತು ವರ್ಷದಿಂದ ಹೀಗೇ ಮಾಡ್ತಾ ಇದೀನಿ!"

"ಹಾಗಾದ್ರೆ ಮೂವತ್ತು ವರ್ಷದಿಂದ ಸೊಟ್ಟ."

ಮೂವತ್ತು ವರ್ಷದಲ್ಲಿ ಅವರಿಗೆ ನನ್ನ ಮೇಲೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಕಂಡಿರಲಿಲ್ಲ. ಹೂವನ್ನು ನನ್ನ ಕೈಯಿಂದ ಕಿತ್ತುಕೊಂಡರು. ಒಂದು ಕಣ್ಣು ಮುಚ್ಚಿ ತೊಟ್ಟಿನುದ್ದಕ್ಕೂ ನೋಡಿದರು, ಮತ್ತೊಂದು ಕಣ್ಣು ಮುಚ್ಚಿ ನೋಡಿದರು. "ನಿನಗೇನು ಗೊತ್ತಾಗುತ್ತೆ ಕೆಲಸದ ವಿಷಯ" ಅಂದರು. ಆಮೇಲೆ ತಿದಿಗೆ ಹಿಡಿ ಸಿಕ್ಕಿಸಿ, ಬೂದಿ ಕೆದಕಿ, ತೊಟ್ಟನ್ನು ಬೆಂಕಿಗಿಟ್ಟರು. ಹೊತ್ತು ಮುಳುಗುವವರೆಗೆ ಬಡಿಯುತ್ತಲೇ ಇದ್ದರು.