ಮಡಚಬಾರದ ಪರದೆ

ಬೆನಕಪ್ಪ ಸಾವುಕಾರನಿಗೆ ರಾಜನಾಗುವ ಚಪಲ. ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಕೊಟ್ಟೂರಿನವರು ಆಡಲು ಹೊರಟ ನಾಟಕದ ಖರ್ಚೆಲ್ಲ ಅವನದು, ಹಾಗಾಗಿ ಕಿರೀಟವೂ ಅವನದೇ. ದರ್ಬಾರಿನ ಪರದೆ ಮಾತ್ರ ಹರಿದು ಚಿಂದಿಯಾಗಿತ್ತು. ಹೊಸದು ಬರೆಸಲು ನಾಟಕದ ಮೇಷ್ಟ್ರು ಪಾಲಯ್ಯ ಓಬಳೇಶನನ್ನು ಕರೆಸಿದ. ಓಬಳೇಶ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅಂಗಡಿಗಳಿಗೆ ಬೋರ್ಡು ಬರೆದುಕೊಂಡಿದ್ದವನು. ಬೆನಕಪ್ಪನ ಹೆಸರು ಕೇಳಿದೊಡನೆ ಒಲ್ಲೆ ಎಂದು ಬಾಯಿ ತೆರೆದವನು, ಆ ಮನುಷ್ಯ ಇದೇ ಪರದೆಯ ಮುಂದೆ ಸಿಂಹಾಸನ ಹಾಕಿಕೊಂಡು ಕೂರುತ್ತಾನೆಂದು ತಿಳಿದು ಹೂಂ ಅಂದ.

"ಕಂಬ ಇರ್ಬೇಕು, ಕಮಾನು ಇರ್ಬೇಕು. ನೋಡಿದ ಕೂಡ್ಲೆ ಅರಮನಿ ಅನ್ನಬೇಕು ಮಂದಿ," ಎಂದ ಪಾಲಯ್ಯ.

ಓಬಳೇಶ ಕಂಡಿದ್ದ ಅರಮನೆ ಒಂದೇ, ಅದು ಅರಮನೆಯೂ ಅಲ್ಲ. ಹಿಂದಿನ ವರ್ಷ ಗೋವಾದ ಕಡೆ ಕೂಲಿಗೆ ಹೋದಾಗ ಒಂದು ಹಳೆಯ ಬೆಸಿಲಿಕಾದ ಒಳಗೋಡೆಗಳಿಗೆ ಸುಣ್ಣ ಬಳಿಯುವ ಗುಂಪಿನಲ್ಲಿ ಸೇರಿಕೊಂಡಿದ್ದ. ಚರ್ಚುಗಳಲ್ಲೇ ದೊಡ್ಡ ಪದವಿ ಪಡೆದದ್ದಕ್ಕೆ ಹಾಗನ್ನುತ್ತಾರೆಂದು ಮೇಸ್ತ್ರಿ ಹೇಳಿದ್ದ. ಹೊರಗೆ ಗಾರೆ ಕಾಣದ ಬರೀ ಕೆಂಪು ಕಲ್ಲು. ಒಳಗೆ ಕಾಲಿಟ್ಟರೆ ಹಗ್ಗ ಹೊಸೆದಂತೆ ತಿರುಚಿದ ಚಿನ್ನದ ಕಂಬಗಳು, ಪೀಠದಿಂದ ಸೂರಿನವರೆಗೆ ಹಬ್ಬಿದ ಚಿನ್ನದ ಬಳ್ಳಿ, ಬಳ್ಳಿಯ ನಡುವೆ ರೆಕ್ಕೆ ಮೂಡಿದ ಮಕ್ಕಳ ಮುಖ. ನೀನು ಯಾರ ಪೈಕಿ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಊರ ಗುಡಿಯ ಹೊಸಿಲಾಚೆಯೇ ನಿಂತು ಬೆಳೆದವನಿಗೆ ಅದರಿಂದ ಖುಷಿಯಾಗಬೇಕಿತ್ತು. ಆದರೆ ಊರು ನೆನಪಾಗಿ ಮೈಯೆಲ್ಲ ಉರಿಯಿತು.

ಗೋಡೆಯ ಒಂದು ಗೂಡಿನಲ್ಲಿ ಬಿಳಿ ಕಲ್ಲಿನ ತಾಯಿ ಕೂತಿದ್ದಳು, ತೊಡೆಯ ಮೇಲೆ ಬೆಳೆದ ಮಗನ ಹೆಣ. ಓಬಳೇಶನ ಕೈಯಲ್ಲಿನ ಕುಂಚ ಅಲ್ಲೇ ನಿಂತಿತು. ಈ ತಾಯಿಯನ್ನು ಅವನು ಮೊದಲೇ ನೋಡಿದ್ದ, ಬೆನಕಪ್ಪನ ಬಾವಿಯ ದಂಡೆಯ ಮೇಲೆ.

ಆ ಬಾವಿ ತೋಡುತ್ತಿದ್ದವನು ಓಬಳೇಶನ ಅಣ್ಣ ರಾಮಣ್ಣ. ಮಣ್ಣು ಸಡಿಲ ಇದೆ, ಆಸರೆಗೆ ಮರ ಕೊಡಿಸಿ ಎಂದದ್ದಕ್ಕೆ ಸಾವುಕಾರ ನಕ್ಕಿದ್ದ. ಗೋಡೆ ಕುಸಿದು ರಾಮಣ್ಣ ಸತ್ತ ಮೇಲೆ, ಕುಡಿದು ಜಾರಿ ಬಿದ್ದ ಎಂದ. ಊರು ತಲೆಯಾಡಿಸಿತು, ಪೊಲೀಸರೂ ತಲೆಯಾಡಿಸಿದರು. ಹೆಂಡದ ವಾಸನೆಗೇ ಮೂಗು ಮುಚ್ಚುತ್ತಿದ್ದ ರಾಮಣ್ಣ ಕುಡುಕನಾಗಿ ಮಣ್ಣಿಗೆ ಹೋದ. ಅವ್ವ ಕನಕಮ್ಮ ಹೆಣವನ್ನು ತೊಡೆಯ ಮೇಲಿಟ್ಟುಕೊಂಡು ಬಿಸಿಲಲ್ಲಿ ಕೂತಿದ್ದಾಗ, ಒಂದು ತಂಬಿಗೆ ನೀರು ಕೊಡುವ ಕೈ ಆ ದೊಡ್ಡ ಮನೆಯಲ್ಲಿರಲಿಲ್ಲ.

ಪರದೆಗೆ ಅಂಟು ಕಲಸಿದ ನೀರುಬಣ್ಣ ಹಚ್ಚುವುದು ಪದ್ಧತಿ. ಸುತ್ತಿಟ್ಟರೂ ಬಿರಿಯುವುದಿಲ್ಲ, ನಾಟಕ ಹಳತಾದರೆ ತೊಳೆದು ಅದೇ ಬಟ್ಟೆಯ ಮೇಲೆ ಬೇರೆ ಸೀನು ಬರೆಯಬಹುದು. ತಿರುಚಿದ ಕಂಬ, ಕಮಾನು, ಬಳ್ಳಿ, ರೆಕ್ಕೆಯ ಮಕ್ಕಳು, ಎಲ್ಲವನ್ನೂ ಓಬಳೇಶ ಹಾಗೆಯೇ ಬರೆದ. ಸಿಂಹಾಸನ ಬರುವ ಜಾಗದ ಪಕ್ಕಕ್ಕೆ ಒಂದು ಗೂಡು ಮಾಡಿ, ಅದರೊಳಗಿನ ತಾಯಿ ಮಗನನ್ನು ಮಾತ್ರ ಬೋರ್ಡಿನ ಎಣ್ಣೆಬಣ್ಣದಲ್ಲಿ ಬರೆದ. ತಾಯಿಯ ಗದ್ದಕ್ಕೆ, ಕನಕಮ್ಮನ ಗದ್ದದಲ್ಲಿದ್ದಂತೆಯೇ, ಮೂರು ಹಚ್ಚೆಚುಕ್ಕಿ ಇಟ್ಟ.

"ಲೇ ಹುಚ್ಚ, ಬಟ್ಟಿಗೆ ಪೇಂಟು ಹಚ್ಚತಾರೇನು?" ಪಾಲಯ್ಯ ಹಣೆ ಚಚ್ಚಿಕೊಂಡ. "ಮಡಚಿದ್ರ ಬಿರೀತೈತಿ. ತೊಳದ್ರ ಹೋಗಂಗಿಲ್ಲ."

"ಹೋಗಬಾರದಂತನ ಹಚ್ಚೀನ್ರಿ ಮೇಷ್ಟ್ರ."

ಮಧ್ಯಾಹ್ನದ ತಾಲೀಮಿಗೆ ಪರದೆಯನ್ನು ಬೆನಕಪ್ಪನ ಗೋದಾಮಿನಲ್ಲೇ ತೂಗುಬಿಟ್ಟರು. ಕಿರೀಟ ಇಟ್ಟುಕೊಂಡೇ ಬಂದ ಬೆನಕಪ್ಪ ಕಂಬಗಳನ್ನು ನೋಡಿ ಮೀಸೆ ತೀಡಿದ. ಆಮೇಲೆ ಗೂಡು ಕಣ್ಣಿಗೆ ಬಿತ್ತು.

"ಇಕಿ ಯಾರಲೇ?"

"ಅವ್ವ ಅದಾಳ್ರಿ."

"ಯಾರವ್ವ?"

"ಸತ್ತಾನಲ್ರಿ, ಅವನವ್ವ."

ಗದ್ದದ ಚುಕ್ಕಿಗಳ ಮೇಲೆ ಬೆನಕಪ್ಪನ ಕಣ್ಣು ನಿಂತಿತು. "ಒರಸು. ಅಲ್ಲೊಂದು ವೀಣಿ ಹಿಡದ ಹೆಂಗಸಿನ್ನ ಬರಿ."

"ಒರಸಂಗಿಲ್ರಿ."

"ಬಟ್ಟಿ ನಂದೈತಲೇ."

"ಬಾವಿನೂ ನಿಮ್ಮದ ಇತ್ರಿ ಸಾವ್ಕಾರ್ರ."

ಪಾಲಯ್ಯ ಕೆಮ್ಮಿದ. ಅಷ್ಟರಲ್ಲಿ ಮಗನಿಗೆ ರೊಟ್ಟಿ ತಂದ ಕನಕಮ್ಮ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಓಬಳೇಶ ಏನೂ ಹೇಳಿರಲಿಲ್ಲ. ಅವಳು ಯಾರನ್ನೂ ಕೇಳದೆ ಒಳಗೆ ಬಂದು ಪರದೆಯ ಹತ್ತಿರ ನಿಂತು ನೋಡಿದಳು. ಬೆಸಿಲಿಕಾದ ಕಲ್ಲಿನ ಮಗನಂತೆ ರಾಮಣ್ಣನೂ ಬಿಳುಪಾಗಿ, ತೊಳೆದಿಟ್ಟಂತೆ ಮಲಗಿದ್ದ.

"ಇಷ್ಟು ಚೊಕ್ಕ ಎಲ್ಲಿದ್ದನೋ ಯಪ್ಪಾ," ಎಂದಳು. "ಬಾಯಾಗ ಮಣ್ಣಿತ್ತು. ನಾನ ಬೆರಳು ಹಾಕಿ ತಗದೀನಿ."

ಓಬಳೇಶ ಕೆಮ್ಮಣ್ಣಿನಂಥ ಎಣ್ಣೆಬಣ್ಣದ ಡಬ್ಬಿಗೆ ಕುಂಚ ಅದ್ದಿ ಅಣ್ಣನ ಬಾಯಿಗೆ ಮಣ್ಣು ತುಂಬಿದ, ಉಗುರಿಗೆ ತುಂಬಿದ, ಅವ್ವನ ಮಡಿಲಿಗೆ ಬಳಿದ.

ಬೆನಕಪ್ಪ ಕುಂಚ ತೊಳೆಯುವ ಬಕೆಟ್ಟು ಎತ್ತಿ ಪರದೆಗೆ ಬೀಸಿ ಎರಚಿದ. ಚಿನ್ನದ ಕಂಬ ಕರಗಿ ಹಳದಿ ಕೊಚ್ಚೆಯಾಗಿ ಇಳಿಯಿತು. ಕಮಾನು ಹೋಯಿತು, ಬಳ್ಳಿ ಹೋಯಿತು, ರೆಕ್ಕೆಯ ಮಕ್ಕಳು ಒಬ್ಬರ ಮೇಲೊಬ್ಬರು ಹರಿದುಹೋದರು. ತಾಯಿ ಮಗ ಇದ್ದಲ್ಲೇ ಇದ್ದರು. ನೀರು ಅವರ ಮೇಲಿಂದ ಜಾರಿ ಬಿತ್ತು.

ಓಬಳೇಶ ಬಣ್ಣ ಕೆರೆಯುವ ಚಾಕು ತೆಗೆದ. ಬೆನಕಪ್ಪ ಹಿಂದೆ ಸರಿದ ರಭಸಕ್ಕೆ ಕಿರೀಟ ಕಿವಿಯ ಮೇಲೆ ವಾಲಿತು. ಒಂದು ಗಳಿಗೆ ಚಾಕು ಯಾವ ಕಡೆ ಹೋಗುತ್ತದೆಂದು ಓಬಳೇಶನಿಗೂ ಗೊತ್ತಿರಲಿಲ್ಲ. ಆಮೇಲೆ ಅದು ಬಟ್ಟೆಗೆ ಇಳಿಯಿತು. ಗೂಡಿನ ನಾಲ್ಕೂ ಕಡೆ ಕೊಯ್ದು, ಬಾಗಿಲಷ್ಟು ದೊಡ್ಡ ತುಂಡನ್ನು ಬಿಡಿಸಿಕೊಂಡ.

"ಉಳಿದಿದ್ದು ನಿಮ್ಮ ಬಟ್ಟಿ. ಅರಮನಿ ಕಟ್ಕೊಳ್ರಿ."

"ಕೊಡಿಲ್ಲಿ, ಮಡಚಿ ಬುಟ್ಟ್ಯಾಗ ಇಟ್ಕೋತೀನಿ," ಎಂದಳು ಕನಕಮ್ಮ.

"ಮಡಚಿದ್ರ ಬಿರೀತೈತಿ ಯವ್ವ."

ಅವಳು ಮಗನ ಮುಖವನ್ನೊಮ್ಮೆ, ಬಟ್ಟೆಯನ್ನೊಮ್ಮೆ ನೋಡಿ ರೊಟ್ಟಿಯ ಬುಟ್ಟಿಯನ್ನು ತಲೆಗೇರಿಸಿದಳು. "ಹಂಗಾದ್ರ ಆ ತುದಿ ನೀ ಹಿಡಿ."

"ಲೇ, ಸುತ್ಕೊಂಡು ಹೋಗ್ರಲೇ ಅದನ್ನ," ಎಂದು ಬೆನಕಪ್ಪ ಹಿಂದಿನಿಂದ ಕೂಗಿದ. ಅವರು ಸುತ್ತಲಿಲ್ಲ. ಬಟ್ಟೆಯನ್ನು ಅಗಲವಾಗಿ ಹಿಡಿದು, ಚಿತ್ರವನ್ನು ಮಂದಿಯ ಕಡೆ ತಿರುಗಿಸಿ, ಬಜಾರದ ನಡುವೆ ನಡೆದರು. ಬಟ್ಟೆಯಿಂದ ಹಳದಿ ನೀರು ತೊಟ್ಟಿಕ್ಕುತ್ತಿತ್ತು. ಕಿರಾಣಿ ಅಂಗಡಿಯ ಕಟ್ಟೆಯಿಂದ ಒಬ್ಬ ಕೇಳಿದ.

"ಯಾವ ದೇವರಬೇ ಇದು?"

"ದೇವರಲ್ಲ, ನನ್ನ ಮಗ," ಎಂದಳು ಕನಕಮ್ಮ, ನಿಲ್ಲದೆ. "ಬೆನಕಪ್ಪನ ಬಾವ್ಯಾಗ ಸತ್ತ. ಕುಡದಿದ್ದಿಲ್ಲ."