ತೀರ್ಪುಗಾರರ ಕುರ್ಚಿಯಲ್ಲಿ ಮಾವ

ಹಳೇ ರೇಸ್ ಕೋರ್ಸುಗಳನ್ನೆಲ್ಲ ಒಂದು ಸುತ್ತು ನೋಡಿಬರಬೇಕೆಂದು ಮಾವ ಹಟ ಹಿಡಿದಾಗ ಮನೆಯವರೆಲ್ಲ ಒಂದೊಂದು ನೆಪ ಹೇಳಿ ನುಣುಚಿಕೊಂಡರು. ಸಿಕ್ಕಿಬಿದ್ದವಳು ಸೊಸೆ. ಹೊಲಿಗೆ ಅಂಗಡಿಗೆ ನಾಲ್ಕು ದಿನ ಬೀಗ ಹಾಕಿ, ಎಪ್ಪತ್ತೆಂಟರ ಈ ಮಾಜಿ ಜಾಕಿಯ ಬೆನ್ನು ಹತ್ತಿ ಹೊರಟಳು. ಮೊದಲನೆಯದು ಕಡಲತೀರದ ಕೋರ್ಸು. ನೀರು ಇಳಿದಾಗ ಮಾತ್ರ ಅಲ್ಲಿ ಮರಳಿನ ಮೇಲೆ ಕುದುರೆ ಓಡುತ್ತವೆ. ನೀರು ಏರತೊಡಗಿತೋ, ಗೆದ್ದವರೂ ಸೋತವರೂ ಚಪ್ಪಲಿ ಕೈಯಲ್ಲಿ ಹಿಡಿದು ದೌಡು! ಎರಡನೆಯದು ಗುಡ್ಡವನ್ನು ಬಳಸುವ ಕೋರ್ಸು. ಅರ್ಧ ರೇಸು ಗುಡ್ಡದ ಹಿಂದೆ ನಡೆಯುತ್ತದೆ, ಅಲ್ಲಿ ಏನಾಯಿತೆಂದು ದೇವರಿಗೇ ಗೊತ್ತು. ಒಲ್ಲೆ ಒಲ್ಲೆ ಎನ್ನುತ್ತ ಬಂದವಳಿಗೆ ಅಷ್ಟರಲ್ಲಿ ಕುದುರೆ ಹುಚ್ಚು ಹಿಡಿದಿತ್ತು. ಕೂಗಿ ಕೂಗಿ ಗಂಟಲು ಕಟ್ಟಿತ್ತು.

ಮೂರನೆಯದರ ಗೇಟಿನ ಮುಂದೆ ಮಾತ್ರ ಅವಳು ಒಳಗೆ ಹೆಜ್ಜೆಯಿಡಲು ಹಿಂಜರಿದಳು. ನಲವತ್ತೊಂದು ವರ್ಷದ ಹಿಂದೆ ಮಾವ ತಮ್ಮ ಜೀವಮಾನದ ದೊಡ್ಡ ರೇಸನ್ನು ಸೋತದ್ದು ಇಲ್ಲೇ. ಸೋತರೆಂದು ತೀರ್ಪು ಕೊಟ್ಟವರು ಅವಳ ಅಪ್ಪ! ಆಗ ಇಲ್ಲಿ ಕ್ಯಾಮೆರಾ ಇರಲಿಲ್ಲ, ತೀರ್ಪುಗಾರರ ಕಣ್ಣು ಕಂಡದ್ದೇ ಕಡೆಯ ಮಾತು. ಸ್ಟ್ಯಾಂಡಿನ ಸಾವಿರಾರು ಜನ ಮಾವನ ಕುದುರೆಯ ನಂಬರನ್ನು ಕೂಗುತ್ತಿದ್ದರೆ ಅಪ್ಪ ಇನ್ನೊಂದರ ನಂಬರನ್ನು ಬೋರ್ಡಿಗೇರಿಸಿದ್ದರು. ಅವತ್ತಿನಿಂದ ಮಾವನ ಬಾಯಲ್ಲಿ ಅಪ್ಪನಿಗೆ ಒಂದೇ ಹೆಸರು: ಕುರುಡ. ಮುಂದೆ ಇಬ್ಬರ ಮಕ್ಕಳು ಮೆಚ್ಚಿ ಮದುವೆಯಾದರು. ಬೀಗರಾದರೂ ಹೆಸರು ಬದಲಾಗಲಿಲ್ಲ. "ಆ ಮಾತನ್ನ ಅವರು ವಾಪಸ್ ತಗೊಳ್ಳೋವರೆಗೂ ಆ ಮನೆ ಹೊಸ್ತಿಲು ತುಳಿಯಲ್ಲ" ಎಂದಿದ್ದ ಅಪ್ಪ, ಇಪ್ಪತ್ತೆರಡು ವರ್ಷವಾದರೂ ತುಳಿದಿರಲಿಲ್ಲ. ಮುಂದಿನ ತಿಂಗಳು ಮೊಮ್ಮಗಳ ಮದುವೆ. ಅದಕ್ಕೂ ಬರುವುದಿಲ್ಲವೆಂದು ಮೊನ್ನೆ ಫೋನಿನಲ್ಲಿ ಹೇಳಿಬಿಟ್ಟಿದ್ದರು. ಅವಳು ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಅತ್ತಿದ್ದಳು.

ಒಳಗೆ, ಕೊರಳಿಗೆ ಬಿಲ್ಲೆ ನೇತುಹಾಕಿಕೊಂಡ ಗೈಡ್ ಹೆಂಗಸು ಮರದ ಸ್ಟ್ಯಾಂಡನ್ನೂ ಜಾಕಿಗಳನ್ನು ತೂಗುವ ತಕ್ಕಡಿಯನ್ನೂ ತೋರಿಸಿದಳು. ಮಾವ ಸುಮ್ಮನಿರುವ ಪೈಕಿಯೇ? ತಕ್ಕಡಿಯ ಕುರ್ಚಿಯಲ್ಲಿ ಕೂತೇಬಿಟ್ಟರು. "ಅವತ್ತಿಗಿಂತ ಹದಿನೆಂಟು ಕೆಜಿ ಜಾಸ್ತಿ! ಎಲ್ಲಾ ನಿನ್ನ ಕೈರುಚಿ ಪ್ರಭಾವ ಕಣಮ್ಮ."

ಕೊನೆಗೆ, ಗೆಲುವಿನ ಕಂಬಕ್ಕೆ ನೇರವಾಗಿ, ಕಡಿದಾದ ಮೆಟ್ಟಿಲುಗಳ ಮೇಲೊಂದು ಪುಟ್ಟ ಕೋಣೆ.

"ಹಳೇ ತೀರ್ಪುಗಾರರ ಕೋಣೆ ಇದು," ಎಂದಳು ಗೈಡ್. "ಈಗ ಕ್ಯಾಮೆರಾ ಬಂದಿದೆ, ಇದು ನೋಡೋಕೆ ಬರೋರಿಗೆ ಅಷ್ಟೇ. ಒಂದು ರೇಸಿಗೆ ಒಬ್ಬರೇ ಕೂರಬಹುದು. ಇನ್ನೈದು ನಿಮಿಷಕ್ಕೆ ರೇಸಿದೆ. ಯಾರು ಹೋಗ್ತೀರಿ?"

ಅಪ್ಪನ ಕುರ್ಚಿ! ಅವಳು ಬಾಯಿ ತೆಗೆಯುವುದರೊಳಗೆ ಮಾವ ಮೆಟ್ಟಿಲ ಮೇಲಿದ್ದರು. "ನಿಮ್ಮಪ್ಪ ಎಲ್ಲಿ ಕೂತು ನನ್ನ ಹೊಟ್ಟೆ ಮೇಲೆ ಹೊಡೆದ ಅಂತ ನಾನೂ ನೋಡೇಬಿಡ್ತೀನಿ!"

"ನೋಡಿ, ಚೆನ್ನಾಗಿ ನೋಡಿ," ಎಂದು ಸಿಡುಕಿ ಅವಳು ಸ್ಟ್ಯಾಂಡಿಗೆ ಹೋದಳು. ಕಂಬಕ್ಕಿಂತ ಐವತ್ತು ಹೆಜ್ಜೆ ಹಿಂದೆ ಜಾಗ ಸಿಕ್ಕಿತು.

ಓಟ ಶುರುವಾಗುವ ಗೇಟು ತೆರೆಯಿತು. ಹತ್ತು ಕುದುರೆ, ನಲವತ್ತು ಗೊರಸು, ಕಾಲಡಿಯ ಹಲಗೆಯೇ ನಡುಗಿತು! ಕಡೆಯ ತಿರುವಿನಲ್ಲಿ ಎರಡು ಬೇರೆಯಾದವು. ಆಚೆಯ ಬೇಲಿಯ ಪಕ್ಕ ಒಂಬತ್ತನೇ ನಂಬರು, ಈಚೆ ಜನರ ಕಡೆಗೆ ನಾಲ್ಕು. ಸರಿಸಮ, ಸರಿಸಮ, ಅಯ್ಯೋ ಸರಿಸಮ! ಅವಳು ಬೆಂಚಿನ ಮೇಲೆ ಹತ್ತಿ ನಿಂತು, ಗುರುತಿಲ್ಲದ ಯಾರದೋ ಬೆನ್ನಿಗೆ ಗುದ್ದುತ್ತ ಕಿರುಚಿದಳು. "ನಾಲ್ಕು! ನಾಲ್ಕು!" ಗುದ್ದಿಸಿಕೊಂಡವನೂ ಅದನ್ನೇ ಕಿರುಚುತ್ತಿದ್ದ. ಎರಡೂ ಕಂಬ ದಾಟಿದವು. ನಾಲ್ಕೇ ಗೆದ್ದಿತ್ತು, ಸ್ಟ್ಯಾಂಡಿಗೆ ಸ್ಟ್ಯಾಂಡೇ ಸಾಕ್ಷಿ.

ಅಷ್ಟರಲ್ಲಿ ಮಾವ ಏದುಸಿರು ಬಿಡುತ್ತ ಬಂದರು. "ಒಂಬತ್ತು! ಒಂಬತ್ತು ಕಣಮ್ಮ ಗೆದ್ದಿದ್ದು!"

"ಏನ್ ಮಾವ ನೀವು! ಕಣ್ಣಾರೆ ನೋಡಿದೀನಿ, ನಾಲ್ಕು."

"ನಿನ್ನ ತಲೆ! ಒಂಬತ್ತರ ಮೂಗು ಮುಂದಿತ್ತು."

"ಮತ್ತೆ ಇಷ್ಟು ಜನ ನಾಲ್ಕು ಅಂತಿದ್ದಾರಲ್ಲ, ಇವರೆಲ್ಲ ಕುರುಡರಾ?"

"ಇಷ್ಟೂ ಜನ ಓರೆಯಾಗಿ ಕೂತಿದ್ದೀರಲ್ಲೇ! ಇಲ್ಲಿಂದ ನೋಡಿದ್ರೆ ಹತ್ತಿರದ ಕುದುರೆನೇ ಮುಂದೆ ಕಾಣೋದು. ಕಂಬದ ನೇರಕ್ಕೆ ಕೂತಿದ್ದವನು ನಾನೊಬ್ಬನೇ. ಆ ಕುರ್ಚಿಯಿಂದ..."

ಮಾವ ತಿರುಗಿ ಮೆಟ್ಟಿಲ ಮೇಲಿನ ಆ ಕೋಣೆಯನ್ನು ನೋಡಿದರು. ಸೊಸೆಗೂ ಆಗಲೇ ಹೊಳೆದದ್ದು. ಅಳತೆಯ ಟೇಪನ್ನು ಓರೆಯಿಂದ ನೋಡಿದರೆ ಅರ್ಧ ಇಂಚು ತಪ್ಪುತ್ತದೆಂದು ಅಂಗಡಿಯ ಹುಡುಗಿಯರಿಗೆ ದಿನಾ ಬೈಯುವವಳು ಅವಳೇ. ಆದರೂ ನಾಲ್ಕು ನಾಲ್ಕು ಎಂದು ಕುಣಿದಿದ್ದಳು.

ಬೋರ್ಡಿನ ಮೇಲೆ ಫೋಟೋ ಬಂತು. ಒಂಬತ್ತು, ಒಂದು ಮೂಗಿನಷ್ಟು. ಸುತ್ತ ಜನ ಮೋಸ ಮೋಸ ಎಂದು ಬೊಬ್ಬೆ ಹಾಕಿದರು.

ಮಾವ ಬೆಂಚಿನ ಮೇಲೆ ಕುಸಿದರು. "ಅವತ್ತು ನಾನು ಈಚೆ ಕಡೆ ಇದ್ದೆ, ಸ್ಟ್ಯಾಂಡಿನ ಕಡೆ. ಜನ ನನ್ನ ನಂಬರ್ ಕೂಗಿದ್ರು, ನಾನು ನಂಬಿಬಿಟ್ಟೆ. ಸರಿಯಾಗಿ ನೋಡಿದ ಒಬ್ಬೇ ಒಬ್ಬ ಮನುಷ್ಯನ್ನ ಇಷ್ಟು ವರ್ಷ ಕುರುಡ ಅಂದೆನಲ್ಲಮ್ಮ!"

ಅವಳಿಗೆ ಕುಣಿಯುವಷ್ಟು ಖುಷಿಯಾಯಿತು, ಅವರ ಭುಜ ಹಿಡಿದು ಅಲುಗಾಡಿಸುವಷ್ಟು ಸಿಟ್ಟೂ ಬಂತು. "ನನಗ್ಯಾಕೆ ಹೇಳ್ತೀರಿ? ಅವರಿಗೆ ಹೇಳಿ," ಎಂದು ಅಪ್ಪನ ನಂಬರ್ ಒತ್ತಿ ಫೋನನ್ನು ಅವರ ಕಿವಿಗೇ ಹಿಡಿದಳು. ತನ್ನ ಕಿವಿಯನ್ನೂ ಪಕ್ಕಕ್ಕೆ ತಂದಳು.

"ಬೀಗರೇ, ನಾನು," ಎಂದರು ಮಾವ. "ನಿಮ್ಮ ಕೋಣೇಲಿ ಕೂತು ಬಂದೆ. ನೀವು ಹೇಳಿದ್ದೇ ಸರಿ. ನಾನು ಸೋತಿದ್ದೆ. ಕುರುಡ ಅಂದಿದ್ದು ತಪ್ಪಾಯ್ತು."

ಅವಳು ಕಿವಿಯನ್ನು ಫೋನಿಗೆ ಇನ್ನಷ್ಟು ಒತ್ತಿದಳು.

"ಒಂದು ಮೂಗಿನಷ್ಟು ಸೋತ್ರಿ," ಎಂದರು ಅಪ್ಪ. "ಅದೂ ಪೂರ್ತಿ ಇರಲಿಲ್ಲ. ಆ ಕುರ್ಚಿಯಿಂದ ನಾನು ನೋಡಿದ್ದರಲ್ಲೆಲ್ಲ ಅಂಥ ಸವಾರಿ ಇನ್ನೊಂದಿಲ್ಲ. ಅದನ್ನೇ ಹೇಳೋಣ ಅಂತ ಅವತ್ತು ಮೆಟ್ಟಿಲಿಳಿದು ನಿಮ್ಮ ಹತ್ರ ಬಂದೆ. ನೀವು ನನ್ನ ಬಾಯಿ ತೆಗೆಯೋಕೇ ಬಿಡಲಿಲ್ಲ."

ಮಾವ ಅಳುತ್ತಿದ್ದರು, ಅಷ್ಟು ಜನರ ನಡುವೆ, ಮುಚ್ಚುಮರೆಯಿಲ್ಲದೆ.

"ಮದುವೆಗೆ ಬನ್ನಿ ಬೀಗರೇ. ಬಂದು ಎಲ್ಲರ ಮುಂದೆ ಹೇಳಿ."

"ಯಾವುದನ್ನ? ನೀವು ಸೋತದ್ದನ್ನಾ, ಆ ಸವಾರೀನಾ?"

"ಎರಡನ್ನೂ ಹೇಳಿ," ಎಂದರು ಮಾವ.