ಪಿಸುಗುಟ್ಟಲು ಬಾರದವರು

ಗೋವಿಂದಮ್ಮನವರಿಗೆ ಪಿಸುಗುಟ್ಟಲು ಬರುವುದಿಲ್ಲ. ಸಾವಿನ ಮನೆಯಲ್ಲಿ, ಗರ್ಭಗುಡಿಯ ಮುಂದೆ, ಆಗಷ್ಟೇ ನಿದ್ದೆ ಹೋದ ಕೂಸಿನ ತೊಟ್ಟಿಲ ಪಕ್ಕದಲ್ಲಿ, ಎಲ್ಲಿ ನಿಂತರೂ ಅವರ ದನಿ ಒಂದೇ ಎತ್ತರದಲ್ಲಿ ಹೊರಡುತ್ತದೆ. ಅರ್ಧ ಆಯುಷ್ಯವನ್ನು ಅವರು ನಗರದ ಬಸ್ಸಿನಲ್ಲಿ ಕಂಡಕ್ಟರ್ ಆಗಿ ಕಳೆದವರು; ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಇಂಜಿನ್ನಿನ ಮೊರೆತ, ಹಾರ್ನು, ಚಿಲ್ಲರೆ ಜಗಳಗಳ ಮೇಲೆ ದನಿಯನ್ನು ತೇಲಿಸಿ ತೇಲಿಸಿ ಗಂಟಲು ಸಣ್ಣದಾಗುವುದನ್ನೇ ಮರೆತಿದೆ. ನಿವೃತ್ತಿಯ ಸುದ್ದಿ ಕಾಲುಗಳಿಗೂ ಇನ್ನೂ ಮುಟ್ಟಿಲ್ಲ. ನೆಲ ಯಾವ ಗಳಿಗೆಯಲ್ಲಾದರೂ ಬ್ರೇಕು ಹಾಕೀತೆಂಬ ಅನುಮಾನದಲ್ಲಿ ಪಾದಗಳನ್ನು ಅಗಲಿಸಿ ನಿಲ್ಲುತ್ತಾರೆ. ನಡೆಯುವಾಗ ಒಂದು ಕೈ ತಾನಾಗಿ ಮೇಲೆದ್ದು ಇಲ್ಲದ ಕಂಬಿಯನ್ನು ಹುಡುಕುತ್ತದೆ.

ಸೀರೆಯ ಮೇಲೆ ಖಾಕಿ ಕೋಟು ತೊಡುವುದನ್ನೂ ಅವರು ಬಿಟ್ಟಿಲ್ಲ. ರೇಷ್ಮೆ ಸೀರೆ ಉಟ್ಟ ದಿನವೂ ಅದರ ಮೇಲೆ ಅದೇ ಮಾಸಿದ ಕೋಟು. "ಹೆಂಗಸರ ಬಟ್ಟೇಲಿ ಜೇಬೇ ಇಡಲ್ಲ ಕಣಮ್ಮಾ, ನಮಗೆ ಇಟ್ಕೊಳಕ್ಕೆ ಏನೂ ಇಲ್ಲ ಅಂತ ತಿಳ್ಕೊಂಡವ್ರೆ" ಎನ್ನುತ್ತಾ ಎಲೆ ಅಡಿಕೆ, ಕರವಸ್ತ್ರ, ಹುಣಸೆ ಮಿಠಾಯಿ, ದೇವಸ್ಥಾನದ ಕುಂಕುಮದ ಪೊಟ್ಟಣವನ್ನೆಲ್ಲ ಅದರೊಳಗಿಂದ ತೆಗೆಯುತ್ತಾರೆ. ಹಲಸೂರಿನಲ್ಲಿ ಸೋಮೇಶ್ವರ ದೇವಸ್ಥಾನದ ಹಿಂದಿನ ಬೀದಿಯಲ್ಲಿ ನಮ್ಮ ಮನೆಗಳು ಎದುರುಬದುರು. ಸೋಮವಾರದ ಭಜನೆಗೆ ಜೊತೆಯಾಗಿ ಹೋಗುತ್ತೇವೆ. ನಾನು ಕಣ್ಣು ಮುಚ್ಚಿ ಹಾಡುವವಳು, ಅವರು ಕಣ್ಣು ಬಿಟ್ಟು ಹಾಡುವವರು. "ದೇವ್ರು ಯಾವ ಸ್ಟಾಪಲ್ಲಿ ಇಳೀತಾನೋ ಅಂತ ನೋಡ್ತಿರ್ಬೇಕಲ್ಲ ತಾಯಿ" ಎಂದು ನನ್ನನ್ನು ಕಾಡಿಸುತ್ತಾರೆ.

ಅವರ ಬಾಯಲ್ಲಿ ಸದಾ ಇರುವ ಮಾತು, ಬಸ್ಸು ನಿಲ್ಲಿಸಲು ಕಂಡಕ್ಟರು ಕೂಗುವ 'ಹೋಲ್ಡಾನ್'. ಯಾರ ಮಾತಾದರೂ ಸರಿಯಿಲ್ಲವೆನಿಸಿದರೆ ಅಂಗೈ ಎತ್ತಿ ಹೋಲ್ಡಾನ್ ಎಂದುಬಿಡುತ್ತಾರೆ. ಕೆಲಸದಲ್ಲಿದ್ದಾಗ ಒಮ್ಮೆ, ಟಿನ್ ಫ್ಯಾಕ್ಟರಿ ಸ್ಟಾಪು ಇನ್ನೂ ಬಂದಿರಲಿಲ್ಲ, ತುಂಬಿದ ಬಸ್ಸಿನಲ್ಲಿ ಒಬ್ಬಾತ ಕಾಲೇಜು ಹುಡುಗಿಯ ಮೈಮೇಲೆ ಕೈಯಿಟ್ಟದ್ದನ್ನು ಕಂಡು ಬಸ್ಸನ್ನೇ ನಿಲ್ಲಿಸಿದರು. ಅವನು ಎಲ್ಲಿ ಮುಟ್ಟಿದನೆಂಬುದನ್ನು ಆ ಅಂಗದ ಹೆಸರನ್ನೇ ಹಿಡಿದು ಬಸ್ಸಿಗೆಲ್ಲ ಕೇಳುವಂತೆ ಹೇಳಿದರು. ಸಿಟ್ಟಾದ ಜನ ಅವನನ್ನು ಬೈಯಲಿಲ್ಲ. "ಹೆಂಗಸಾಗಿ ಅಂಥ ಮಾತು ಬಾಯಲ್ಲಿ ಬರಬಹುದೇನ್ರೀ?" ಎಂದು ಇವರ ಮೇಲೆಯೇ ಏರಿಬಂದರು. ಆ ಕಥೆ ಹೇಳುವಾಗಲೆಲ್ಲ ಗೋವಿಂದಮ್ಮ ನಗುತ್ತಾರೆ, ಆದರೆ ಕೋಟಿನ ಗುಂಡಿಯನ್ನು ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ಮಾಡುತ್ತಿರುತ್ತಾರೆ.

ಇಷ್ಟಾದರೂ ನಮ್ಮ ಕಡೆಯ ಮದುವೆಗಳಲ್ಲಿ ಬೀಗರನ್ನು ಗೇಲಿ ಮಾಡುವ ಹಾಡುಗಳಿಗೆ ಅವರೇ ಬೇಕು. ಒನಕೆ, ಒರಳು, ತೋಟದ ಹಾಗಲಕಾಯಿ ಎಂದು ಶುರುವಾಗುವ ಆ ಹಾಡುಗಳು ಎಲ್ಲಿಗೆ ಹೋಗಿ ಮುಟ್ಟುತ್ತವೆಂದು ಎಲ್ಲರಿಗೂ ಗೊತ್ತು. ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ನಗುತ್ತಾರೆ, ಗಂಡಸರು ಕಿಟಕಿಯ ಹೊರಗೆ ಕೆಲಸವಿರುವವರಂತೆ ಸುಳಿಯುತ್ತಾರೆ.

ಹೋದ ವರ್ಷ ಅವರ ಮೈದುನ ಅಂಜನಮೂರ್ತಿಯ ಮಗಳು ಪೂಜಿತಾಳ ಮದುವೆ ನಿಶ್ಚಯವಾಯಿತು. ಹುಡುಗಿಗೆ ತಾಯಿಯಿಲ್ಲ, ಜಡೆ ಹಾಕಿದ್ದು, ದೊಡ್ಡವಳಾದಾಗ ಮಗ್ಗುಲಲ್ಲಿ ಕೂತು ಹೆದರಬೇಡ ಎಂದದ್ದು, ಎಲ್ಲವೂ ದೊಡ್ಡಮ್ಮನೇ. ಹೆಂಡತಿಯಿಲ್ಲದ ತಂದೆ ಒಬ್ಬನೇ ಧಾರೆಯೆರೆಯುವಂತಿಲ್ಲವೆಂದು ಗೋವಿಂದಮ್ಮ ಮತ್ತು ಅವರ ಯಜಮಾನರು ಚಿನ್ನಪ್ಪ ಧಾರೆಗೆ ನಿಲ್ಲುವುದೆಂದು ಮಾತಾಗಿತ್ತು. ಆ ಒಂದು ಗಳಿಗೆಗಾಗಿ ಕೋಟು ತೆಗೆದಿಡುತ್ತೇನೆಂದು ಗೋವಿಂದಮ್ಮ ನನಗೆ ಹೇಳಿದ್ದರು. ಅವರ ಬಾಯಲ್ಲಿ ಅದು ಚಿಕ್ಕ ಮಾತಲ್ಲ.

ಹಳೆ ಮದ್ರಾಸು ರಸ್ತೆಯ ಪಕ್ಕದ ಛತ್ರ. ಮುಹೂರ್ತದ ಹಿಂದಿನ ದಿನ ಮಧ್ಯಾಹ್ನ ಅರಿಶಿನದ ಶಾಸ್ತ್ರವಾಯಿತು, ಗೋವಿಂದಮ್ಮನ ಹಾಡುಗಳಾದವು, ಬೀಗಿತ್ತಿಯರೂ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಆಮೇಲೆ ಹೆಣ್ಣಿನ ರೂಮಿನಲ್ಲಿ ಪೂಜಿತಾ, ದೊಡ್ಡಮ್ಮ, ಹೂ ಕಟ್ಟುತ್ತಾ ಕೂತಿದ್ದ ನಾನು, ಮೂವರೇ ಉಳಿದೆವು. ಹುಡುಗಿ ಕೈಗಂಟಿದ ಅರಿಶಿನವನ್ನು ಉಜ್ಜುತ್ತಾ, ಗೋಡೆಯ ಕಡೆ ನೋಡುತ್ತಾ ಕೇಳಿದಳು:

"ದೊಡ್ಡಮ್ಮ, ನಂಗೆ ಭಯ ಆಗ್ತಿದೆ. ನಾಳೆ ರಾತ್ರಿ... ನಂಗೆ ಬೇಡ ಅನ್ಸಿದ್ರೆ ಏನ್ ಮಾಡ್ಲಿ?"

ಗೋವಿಂದಮ್ಮ ಬಾಗಿಲು ಹಾಕಿ ಬಂದರು. ದನಿ ತಗ್ಗಿಸಲು ಅವರು ಪಟ್ಟ ಪ್ರಯತ್ನವನ್ನು ನಾನು ಕಣ್ಣಾರೆ ಕಂಡೆ. ಕುತ್ತಿಗೆಯ ನರ ಉಬ್ಬಿತು, ಅಷ್ಟೇ.

"ಬೇಡ ಅನ್ಸಿದ್ರೆ ಬೇಡ ಅನ್ನು. ತಾಳಿ ಕಟ್ಟಿದ ಅಂತ ಮೈ ಅವನದಾಗಲ್ಲ. ನೋವಾದ್ರೆ ಹೋಲ್ಡಾನ್ ಅನ್ನು, ನಿಲ್ಲಿಸ್ಬೇಕು ಅವ್ನು. ಬೇಕು ಅನ್ಸಿದ್ರೆ ಬೇಕು ಅನ್ನು, ಅದೂ ತಪ್ಪಲ್ಲ. ಸುಖ ಅವನೊಬ್ಬನಿಗೆ ಬರ್ಕೊಟ್ಟಿದ್ದಲ್ಲ ಕಣೇ, ನಿನ್ ಮೈಗೂ ಇದೆ. ನಂಗ್ಯಾರೂ ಹೇಳ್ಲಿಲ್ಲ. ಬಸ್ಸಲ್ಲಿ ಅಷ್ಟು ಬಾಯಿದ್ದೋಳು, ಮನೇಲಿ ಕತ್ಲಾದ್ರೆ ಬಾಯೇ ಇರ್ಲಿಲ್ಲ ನಂಗೆ."

ಗೋಡೆಯ ಮೇಲ್ಗಡೆಯ ಗವಾಕ್ಷಿಯ ಆಚೆ ಬೀಗರು ಕಾಫಿ ಕುಡಿಯುತ್ತಿದ್ದರು. ಲೋಟಗಳ ಸದ್ದು ನಿಂತುಹೋಯಿತು. ಚಿನ್ನಪ್ಪನವರೂ ಅಲ್ಲೇ ಕೂತಿದ್ದರೆಂದು ಆಮೇಲೆ ತಿಳಿಯಿತು.

ಸಂಜೆ ರಿಸೆಪ್ಷನ್ನಿಗೆ ಮೊದಲು ಅಂಜನಮೂರ್ತಿ ಅತ್ತಿಗೆಯನ್ನು ಹೂವಿನ ಕಮಾನಿನ ಹಿಂದಕ್ಕೆ ಕರೆದ. ನಾನು ಆರತಿ ತಟ್ಟೆ ಹಿಡಿದು ಅಲ್ಲೇ ಇದ್ದೆ.

"ಅತ್ತಿಗೆ, ಬೀಗರು ಬೇಜಾರ್ ಮಾಡ್ಕೊಂಡವ್ರೆ. ಧಾರೆಗೆ ನಿಮ್ಮಿಬ್ಬರ ಬದ್ಲು ನಮ್ ಪಿಳ್ಳಪ್ಪ ಮಾವನೂ ಅತ್ತೇನೂ ನಿಲ್ತಾರೆ. ನೀವು ನಾಳೆ... ಸ್ಟೇಜ್ ಕಡೆ ಬರ್ಬೇಡಿ."

"ಮಧ್ಯಾಹ್ನ ನನ್ ಹಾಡಿಗೆ ನಕ್ಕಿದ್ದು ಅದೇ ಬೀಗರಲ್ವೇನಯ್ಯ?"

"ಹಾಡು ಬೇರೆ, ಮಾತು ಬೇರೆ ಅತ್ತಿಗೆ."

ಅಂಜನಮೂರ್ತಿ ಕೆಟ್ಟವನಲ್ಲ. ಎಲ್ಲರೂ ಅವನನ್ನು ಜಾಲಿ ಮನುಷ್ಯನೆನ್ನುತ್ತಾರೆ. ಅದೇ ಸಂಜೆ ಅಳಿಯನ ಗೆಳೆಯರು ಒತ್ತಾಯಿಸಿದರೆಂದು ಮೈಕು ಹಿಡಿದು ಮೊದಲ ರಾತ್ರಿಯ ಜೋಕುಗಳನ್ನು ಒಂದರ ಮೇಲೊಂದು ಹೇಳಿದ. ಹಾಲಿನ ಲೋಟ, ಮುರಿದ ಮಂಚ, ಬೆಳಿಗ್ಗೆ ಕುಂಟುವ ಮದುಮಗ. ಛತ್ರವೆಲ್ಲ ಚಪ್ಪಾಳೆ, ಬೀಗರೂ ಹೊಟ್ಟೆ ಹಿಡಿದುಕೊಂಡರು. ವೇದಿಕೆಯ ಮೇಲೆ ಅವನ ಮಗಳು ಹೂವಿನ ಭಾರಕ್ಕೆಂಬಂತೆ ತಲೆ ತಗ್ಗಿಸಿ ನಿಂತಿದ್ದಳು. ಗೋವಿಂದಮ್ಮ ಹಿಂದಿನ ಸಾಲಿನಿಂದ ಎದ್ದು, ಇಲ್ಲದ ಕಂಬಿಯನ್ನು ಹುಡುಕುತ್ತಾ ಹೊರಟುಹೋದರು.

ಮರುದಿನ ಬರಲಾರರೆಂದುಕೊಂಡಿದ್ದೆ. ಬಂದಿದ್ದರು. ರೇಷ್ಮೆ ಸೀರೆ, ಮೇಲೆ ಖಾಕಿ ಕೋಟು, ಛತ್ರದ ಗೇಟಿನ ಹೊರಗೆ ಪಾದ ಅಗಲಿಸಿ ನಿಂತಿದ್ದರು. ಒಳಗೆ ಬನ್ನಿ ಎಂದು ಕೈ ಹಿಡಿದೆ. "ಸ್ಟೇಜ್ ಕಡೆ ಬರ್ಬೇಡಿ ಅಂದ್ರು, ರೋಡ್ ಕಡೆ ಬರ್ಬೇಡಿ ಅಂದಿಲ್ವಲ್ಲ. ಮಗು ಮದುವೆ ತಾಯಿ, ನಾದಸ್ವರ ಆದ್ರೂ ಕೇಳ್ತೀನಿ" ಎಂದರು. ಚಿನ್ನಪ್ಪನವರು ಒಳಗೆ ಕೂರಲಾರದೆ, ಹೊರಗೆ ಹೆಂಡತಿಯ ಪಕ್ಕ ನಿಲ್ಲಲೂ ಆಗದೆ, ಮೆಟ್ಟಿಲ ಮೇಲೆ ಚಪ್ಪಲಿ ಹಾಕುವುದು ಬಿಡುವುದು ಮಾಡುತ್ತಿದ್ದರು.

ನನಗೂ ಒಳಗೆ ಕೂರಲಾಗಲಿಲ್ಲ. ಮತ್ತೆ ಮತ್ತೆ ಹೊರಗೆ ಬಂದಾಗ ಕಂಡದ್ದನ್ನು ಮರೆಯಲಾರೆ. ಗೋವಿಂದಮ್ಮನ ಹತ್ತಿರ ಹೆಂಗಸರು ಒಬ್ಬೊಬ್ಬರಾಗಿ ಬರುತ್ತಿದ್ದರು. ಹೂ ತರಲೆಂದು ಒಬ್ಬಳು, ಫೋನು ಬಂತೆಂದು ಇನ್ನೊಬ್ಬಳು. ಮದುಮಗಳ ರವಿಕೆಗಳನ್ನು ಹೊಲಿದ ಶಿವಾಜಿನಗರದ ಉಮ್ಮೆ ಕುಲ್ಸುಂ ಬಂದಳು. ಹಿಂದಿನ ದಿನ ಗವಾಕ್ಷಿಯ ಆಚೆ ಕಾಫಿಯ ಲೋಟ ಕೆಳಗಿಟ್ಟ ಬೀಗಿತ್ತಿಯೊಬ್ಬರೂ ಬಂದರು. ಬಸ್ಸಿಗೆ ಕಾಯುವವರಂತೆ ರಸ್ತೆಗೆ ಮುಖ ಮಾಡಿ ನಿಂತು ಏನನ್ನೋ ಮೆಲ್ಲಗೆ ಕೇಳುತ್ತಿದ್ದರು. ಗೋವಿಂದಮ್ಮ ಬಾಯಿ ತೆರೆದಾಗ ಉಮ್ಮೆ ಕುಲ್ಸುಂ ಕೈ ಹಿಡಿದು ತಡೆದಳು: "ಠೈರೋ ಅಕ್ಕಾ, ಬಸ್ ಬರ್ಲಿ." ಬಸ್ಸೊಂದು ಮೊರೆಯುತ್ತಾ ಹಾದುಹೋಗುವಾಗ ಆ ಸದ್ದಿನ ಮರೆಯಲ್ಲಿ ಹೆಂಗಸರು ಉತ್ತರ ಹೇಳಿಸಿಕೊಂಡು, ಮುಖ ಒರೆಸಿಕೊಂಡು ಒಳಗೆ ಹೋಗುತ್ತಿದ್ದರು. ಅವರಲ್ಲಿ ಯಾರೊಬ್ಬರೂ ಗೋವಿಂದಮ್ಮನನ್ನು ಒಳಗೆ ಕರೆಯಲಿಲ್ಲ.

ಧಾರೆಯಾಯಿತು, ಸಪ್ತಪದಿಯಾಯಿತು. ಅರುಂಧತಿ ನಕ್ಷತ್ರವನ್ನು ತೋರಿಸಲು ಪುರೋಹಿತರು ವಧೂವರರನ್ನು ಅಂಗಳಕ್ಕೆ ಕರೆತಂದರು. ಹಗಲು ಹನ್ನೊಂದರ ಬಿಸಿಲು. ಅರ್ಧ ಆಕಾಶ ಮೆಟ್ರೋ ಹಳಿಯ ಮರೆಯಲ್ಲಿ, ಉಳಿದರ್ಧ ಹೊಗೆಯಲ್ಲಿ. ಪುರೋಹಿತರು ಬೆರಳು ಚಾಚಿ ವಾಡಿಕೆಯಂತೆ ಕೇಳಿದರು: "ಅಗೋ, ವಸಿಷ್ಠರ ಪಕ್ಕದಲ್ಲಿ ಸಣ್ಣಗೆ. ಕಂಡಿತೇನಮ್ಮಾ?"

ಈ ಪ್ರಶ್ನೆಗೆ ಒಂದೇ ಉತ್ತರ. ನನ್ನ ಮದುವೆಯಲ್ಲಿ ನಾನೂ ಅದನ್ನೇ ಹೇಳಿದ್ದೆ. ಪೂಜಿತಾ ಮಾತ್ರ ಕಣ್ಣು ಕಿರಿದಾಗಿಸಿ ಬಹಳ ಹೊತ್ತು ಹುಡುಕಿದಳು.

"ಇಲ್ಲ, ಕಾಣ್ತಿಲ್ಲ."

"ಕಂಡಿತು ಅನ್ನಮ್ಮಾ, ಎಲ್ರೂ ಹಂಗೇ ಅನ್ನೋದು" ಎಂದು ಅಂಜನಮೂರ್ತಿ ಹಲ್ಲು ಕಚ್ಚಿದ.

"ಕಾಣ್ತಿಲ್ಲಪ್ಪ. ಕಂಡಿಲ್ಲ ಅಂದ್ಮೇಲೆ ಕಂಡಿತು ಅಂತ ಹೆಂಗನ್ಲಿ?"

ಆ ದನಿ ಸಣ್ಣದಾಗಿರಲಿಲ್ಲ. ಅದು ಅವಳಿಗೆ ಯಾರಿಂದ ಬಂದದ್ದೆಂದು ಗೊತ್ತಿದ್ದ ಎಲ್ಲರೂ ಗೇಟಿನ ಕಡೆ ತಿರುಗಿದರು. ಮದುಮಗ ಒಂದು ಗಳಿಗೆ ಹೆಂಡತಿಯನ್ನು, ಒಂದು ಗಳಿಗೆ ಆಕಾಶವನ್ನು ನೋಡಿ, "ನಂಗೂ ಕಾಣ್ತಿಲ್ಲ" ಎಂದ. ಅವಳು ಅವನತ್ತ ತಲೆಯೆತ್ತಿದ್ದು ಆಗಲೇ. ವಯಸ್ಸಾದ ಪುರೋಹಿತರು ಬೇಸರಪಡದೆ, "ಸರಿ ಬಿಡಿ, ರಾತ್ರಿ ನೋಡಿಕೊಳ್ಳಿ" ಎಂದರು. ರಾತ್ರಿಯೆಂದ ತಕ್ಷಣ ಗಂಡಸರ ಗುಂಪು ಗೊಳ್ಳೆಂದು ನಕ್ಕಿತು. ಹೆಂಗಸರು ಯಾರೂ ನಗಲಿಲ್ಲ.

ಗೋವಿಂದಮ್ಮನೂ ನಗಲಿಲ್ಲ, ಅಳಲಿಲ್ಲ. ಮೇಲೆದ್ದ ಅವರ ಕೈಗೆ ಈ ಸಲ ಗೇಟಿನ ಕಂಬಿ ಸಿಕ್ಕಿತ್ತು; ಅದನ್ನು ಬಿಗಿಯಾಗಿ ಹಿಡಿದು ನಿಂತಿದ್ದರು.

ಅರುಂಧತಿ ಆ ಬಿಸಿಲಿನಲ್ಲೂ ಅಲ್ಲೇ ಇದ್ದಾಳೆಂದು ನಂಬುವವಳು ನಾನು. ಆದರೆ ಕಾಣದ್ದನ್ನು ಕಂಡೆನೆನ್ನಿ ಎಂದು ಆ ತಾಯಿ ಯಾವ ಹೆಣ್ಣನ್ನೂ ಕೇಳಿಕೊಂಡಿರಲಾರಳು. ಆ ಸುಳ್ಳು ನಮ್ಮ ಅನುಕೂಲಕ್ಕೆ, ನಾವೇ ಕಟ್ಟಿಕೊಂಡದ್ದು. ಅಂಜನಮೂರ್ತಿಯಂಥವರ ಮಾತಿಗೆ ಮೈಕು ಸಿಗುತ್ತದೆ, ಏಕೆಂದರೆ ಅದರಿಂದ ಯಾರೂ ಏನನ್ನೂ ಬದಲಿಸಿಕೊಳ್ಳಬೇಕಾಗಿಲ್ಲ. ಗೋವಿಂದಮ್ಮನಂಥವರನ್ನು ನಾವು ಒಳಗೆ ಕರೆಯುವುದಿಲ್ಲ, ಪೂರ್ತಿ ದೂರಕ್ಕೂ ಕಳಿಸುವುದಿಲ್ಲ. ಬೇಕಾದಾಗ ಹೋಗಿ ಕೇಳಿ ಬರುವಷ್ಟು ಹತ್ತಿರದಲ್ಲಿ, ಜೊತೆಯಲ್ಲಿರುವುದನ್ನು ಯಾರಾದರೂ ಕಂಡರೆ ಗುರುತಿಲ್ಲ ಎನ್ನಬಹುದಾದಷ್ಟು ದೂರದಲ್ಲಿ, ಗೇಟಿನ ಹೊರಗೆ ನಿಲ್ಲಿಸಿಕೊಳ್ಳುತ್ತೇವೆ. ಅವರು ಅಲ್ಲಿಯೂ ಕಾಲೂರಿ ನಿಲ್ಲುತ್ತಾರೆ. ನಿಂತು ಗೊತ್ತಿರುವವರು ಅವರು. ಒಳಗೆ ಮೆತ್ತನೆಯ ಕುರ್ಚಿಯಲ್ಲಿ ಕೂತೂ ನೆಮ್ಮದಿಯಿಲ್ಲದವರು ನಾವು.